ಇರುವವರ ಕಾರ್ಡು

ನಮ್ಮೂರಿನ ಪಂಪು ಎರಡು ಕಾರ್ಡು ಕೇಳುತ್ತದೆ. ಎಡಗಡೆಯ ಗಂಡಿಯಲ್ಲಿ ಹೋಗುವವರ ಕಾರ್ಡು, ಬಲಗಡೆಯ ಗಂಡಿಯಲ್ಲಿ ಇರುವವರ ಕಾರ್ಡು. ಎರಡೂ ಬಿದ್ದ ಮೇಲೆಯೇ ಒಳಗಿನ ಮೋಟರು ಗುಂಯ್ ಎನ್ನುತ್ತದೆ, ಪರದೆಯ ಮೇಲಿನ ಹಳೆಯ ಅಂಕಿಗಳು ಅಳಿದು ಸೊನ್ನೆ ಬರುತ್ತದೆ, ನಾನು "ಸೊನ್ನೆ ನೋಡ್ಕೋರಿ" ಎಂದು ಕೂಗಿ ನೋಝಲ್ ಎತ್ತುತ್ತೇನೆ. ಒಂದೇ ಕಾರ್ಡು ಹಾಕಿ ಎಷ್ಟು ಹೊತ್ತು ನಿಂತರೂ ಹನಿ ಡೀಸೆಲ್ ಬರುವುದಿಲ್ಲ. ಹೊಸದಾಗಿ ಗಾಡಿ ಕಲಿತವರು ಸಿಟ್ಟಿಗೆದ್ದು ಪಂಪಿಗೆ ಒಂದು ಒದೆ ಕೊಡುತ್ತಾರೆ. ಒದೆ ತಿಂದು ತಿಂದು ಅದರ ತಗಡು ಒಂದು ಕಡೆ ಒಳಗೆ ಹೋಗಿದೆ. ಆಮೇಲೆ ಅದೇ ಜನ ಬೆಲ್ಲದ ಪೊಟ್ಟಣ ಹಿಡಿದುಕೊಂಡು ಯಾರದಾದರೂ ಮನೆ ಬಾಗಿಲಿಗೆ ಹೋಗಿ ಕಾರ್ಡು ಕೇಳುತ್ತಾರೆ. ನಮ್ಮಲ್ಲಿ ಕಾರ್ಡು ಕೇಳುವಾಗ ಬೆಲ್ಲ ಒಯ್ಯುವುದು ಪದ್ಧತಿ.

ಹೋದವರು ಮರಳಿ ಬರುವ ತನಕ ಇರುವವರ ಕಾರ್ಡು ಕಟ್ಟಿಗೆ ಬೀಳುತ್ತದೆ. ಅವರು ತಾವೂ ಹೋಗುವಂತಿಲ್ಲ, ಇನ್ನೊಬ್ಬರ ಸಲುವಾಗಿ ನಿಲ್ಲುವಂತೆಯೂ ಇಲ್ಲ. ಹೋದವರು ಬಂದು ತಮ್ಮ ಕಾರ್ಡು ತೂರಿಸಿ, ತಮಗೆ ಮಾತ್ರ ಗೊತ್ತಿರುವ ನಂಬರು ಒತ್ತಿದಾಗ ಕಟ್ಟು ಬಿಚ್ಚುತ್ತದೆ. ಅದಕ್ಕೇ ಊರಿಗೆ ಬಂದವರು ಮೊದಲು ಮನೆಗೆ ಹೋಗುವುದಿಲ್ಲ, ಬಂಕಿಗೆ ಬರುತ್ತಾರೆ. ಹೆಂಡತಿ ಮಕ್ಕಳು ಅಲ್ಲಿಯೇ ಕಾದಿರುತ್ತಾರೆ. ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಬಂದು ಕಾರ್ಡು ಬಿಡಿಸಿ, ಮತ್ತೆ ಕಟ್ಟಿ ಹೋಗುತ್ತಾರೆ. ಊರೊಳಗೆ ನಾವು ನಡೆದೇ ಓಡಾಡುವವರು. ಗಾಡಿ ಇರುವುದು ಹೊರಗೆ ಹೋಗುವುದಕ್ಕೆ. ಬೇರೆಯವರ ಟ್ಯಾಂಕಿನಿಂದ ಪೈಪು ಹಾಕಿ ಎಳೆದುಕೊಂಡು ಹೊರಟವರಿದ್ದಾರೆ, ಕಟ್ಟಿಗೆ ಬಿದ್ದ ಕಾರ್ಡು ಕಿಸೆಯಲ್ಲಿಟ್ಟುಕೊಂಡು ಇನ್ನೊಬ್ಬರ ಗಾಡಿ ಹತ್ತಿದವರೂ ಇದ್ದಾರೆ. ಅಂಥ ಗಾಡಿಗಳು ಗಡಿಕಲ್ಲಿನ ಹತ್ತಿರ ಕೆಮ್ಮಿ ನಿಂತುಬಿಡುತ್ತವೆ. ಆ ಬಯಲಿನಲ್ಲಿ ನಡೆದುಕೊಂಡು ಹೋದವರೂ ಇದ್ದಾರೆ. ಅವರ ವಿಷಯ ನಾವು ಮಾತಾಡುವುದಿಲ್ಲ.

ಹೊರಗೆ ಹೋದವರು ಹೊರಗೇ ತೀರಿಕೊಂಡರೆ ಯಾರಾದರೂ ಅವರ ಕಾರ್ಡನ್ನು ಊರಿಗೆ ಮುಟ್ಟಿಸಬೇಕು. ಬದುಕಿರುವವರ ಕಾರ್ಡು ಹಾಕಿದರೆ ಪಂಪು ಕುಂಯ್ ಕುಂಯ್ ಎಂದು ಎರಡು ಸಲ ಕೂಗಿ ನಂಬರು ಕೇಳುತ್ತದೆ. ನಂಬರು ಗೊತ್ತಿಲ್ಲದಿದ್ದರೆ ಆ ಕಾರ್ಡು ಕೈಯಲ್ಲಿದ್ದೂ ಇಲ್ಲದ ಹಾಗೆ. ಸತ್ತವರ ಕಾರ್ಡು ಹಾಕಿದರೆ ಅದು ಏನೂ ಕೇಳುವುದಿಲ್ಲ, ಕೂಗುವುದೂ ಇಲ್ಲ. ತಾನೇ ಕಟ್ಟು ಬಿಚ್ಚಿ ಕಾರ್ಡನ್ನು ಹೊರಗೆ ಚಾಚುತ್ತದೆ. ಅಳತೆಯ ಸಾಹೇಬರು ಬಂದು ಐದು ಲೀಟರಿನ ಪಾತ್ರೆಯಲ್ಲಿ ಹಿಡಿದು ನೋಡಿ, ಮೀಟರಿಗೆ ಸೀಲು ಹಾಕಿ, ಚಹಾ ಕುಡಿದು ಹೋಗುತ್ತಾರೆ. ಈ ಸಂಗತಿಯನ್ನು ಅವರೂ ಕೇಳಿದವರಲ್ಲ, ನಾವೂ ಹೇಳಿದವರಲ್ಲ. ನಾನು ಮಾತ್ರ ಸತ್ತವರ ಕಾರ್ಡು ಬಂದ ದಿನ ಪಂಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಾಲಿನಲ್ಲಿ ನಿಂತವರ ಬಾಯಿ ಮುಚ್ಚಿಸಿ, ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.

ನೀಲವ್ವನ ಕಾರ್ಡು ಕಟ್ಟಿಗೆ ಬಿದ್ದದ್ದು ಅವಳ ಮಗಳು ಕಸ್ತೂರಿ ಇನ್ನೂ ಲಂಗ ಉಡುತ್ತಿದ್ದಾಗ. ಗಂಡ ಅಡಿವೆಪ್ಪ ಲಾರಿ ತೆಗೆದುಕೊಂಡು ಹೊರಟ, ಅವಳು ಅವನ ಸಲುವಾಗಿ ನಿಂತಳು, ಅವನು ಬರಲಿಲ್ಲ. ಹೋಗುವ ಮುಂಜಾನೆ ಇಬ್ಬರಿಗೂ ಏನೋ ಮಾತಿಗೆ ಮಾತು ಬೆಳೆದಿತ್ತಂತೆ. ಹೀಗೆ ಕಟ್ಟಿನಲ್ಲೇ ಉಳಿದುಹೋದವರನ್ನು ನಮ್ಮೂರಿನಲ್ಲಿ ನಿಂತವರು ಎನ್ನುತ್ತೇವೆ. ನೀಲವ್ವ ಅಳುತ್ತ ಕೂಡಲಿಲ್ಲ. ಅತ್ತೆ ಗುರವ್ವನೊಂದಿಗೆ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತ ಮಗಳನ್ನು ಬೆಳೆಸಿದಳು. ಗಂಡನ ಹಳೆಯ ಮೂರು ಗಾಲಿಯ ಡೀಸೆಲ್ ಟಂಟಂ ಬೇವಿನ ಮರದ ಕೆಳಗೆ ನಿಂತೇ ಇತ್ತು. ಅವಳು ವಾರವಾರ ಅದರ ಮೈ ಒರೆಸಿ, ಗಾಲಿಗೆ ಗಾಳಿ ಹಾಕಿಸಿ, ಖಾಲಿ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಹಾಕುತ್ತಿದ್ದಳು. ಕಸ್ತೂರಿಯ ಮದುವೆ ಹೊರಗಿನ ಊರಿನ ಹುಡುಗನ ಜೊತೆ ಆದಾಗ ಅವಳ ಸಲುವಾಗಿ ನಿಂತದ್ದು ಅಜ್ಜಿ ಗುರವ್ವನ ಕಾರ್ಡು. ಹೀಗಾಗಿ ಆ ಮನೆಯ ಎರಡು ಕಾರ್ಡೂ ಕಟ್ಟಿಗೆ ಬಿದ್ದಿದ್ದವು.

ನನ್ನ ಕಾರ್ಡು ಯಾವತ್ತೂ ಕಟ್ಟಿಗೆ ಬಿದ್ದದ್ದಲ್ಲ. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ, ಆದರೂ ಅದು ಬಿಚ್ಚಿದ್ದೇ ಇರಲಿ ಎಂಬ ಆಸೆ. ಬಂಕಿನಲ್ಲಿ ಕೆಲಸ ಮಾಡುವವನನ್ನು ಎಲ್ಲರೂ ಕೇಳುತ್ತಾರೆ, ಒಬ್ಬರಿಗೆ ಕೊಟ್ಟು ಒಬ್ಬರಿಗೆ ಇಲ್ಲವೆಂದರೆ ಜಗಳ ಎಂದು ನೆಪ ಹೇಳಿ ಎಲ್ಲರಿಗೂ ಇಲ್ಲ ಎಂದಿದ್ದೆ. ನನಗೆ ಬರುತ್ತಿದ್ದ ಬೆಲ್ಲವೆಲ್ಲ ಬಂದ ದಾರಿಯಲ್ಲೇ ಮರಳಿ ಹೋಗುತ್ತಿತ್ತು. ದೇವಿಂದ್ರನದು ಕಲ್ಲೆದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಫೋನಿನ ಮಾತು ಗಡಿಕಲ್ಲು ದಾಟಿ ಒಳಗೆ ಬರುವುದಿಲ್ಲವಾದ್ದರಿಂದ ಹೊರಗಿನ ಸುದ್ದಿಯನ್ನೆಲ್ಲ ಟ್ಯಾಂಕರಿನ ಮಾಬುಸಾಬ ತರುತ್ತಾನೆ. ಆ ಸಲ ಅವನು ಟ್ಯಾಂಕರಿನ ಪೈಪು ನೆಲದೊಳಗಿನ ಟ್ಯಾಂಕಿಗೆ ಜೋಡಿಸುವ ಮೊದಲೇ ನನ್ನನ್ನು ಪಕ್ಕಕ್ಕೆ ಕರೆದ.

"ನೀಲವ್ವಕ್ಕಗ ಹೇಳಬೇಕು ದೇವಿಂದ್ರಣ್ಣ. ಕಸ್ತೂರಿಗೆ ದಿನ ತುಂಬ್ಯಾವ. ಮೈಯಾಗ ನೀರು ಸೇರೈತಿ, ಬಿಪಿ ಏರೈತಿ. ಮಂಚ ಬಿಟ್ಟು ಇಳೀಬ್ಯಾಡ ಅಂತ ಡಾಕ್ಟರು ಹೇಳ್ಯಾರ. ಅವ್ವ ಬರಲಿಲ್ಲಂದ್ರ ನಾ ಉಳಿಯೂದಿಲ್ಲ ಅಂತ ಅಳಾಕತ್ತೈತಿ ಆ ಹುಡುಗಿ."

ನಾನೇ ಹೋಗಿ ಹೇಳಿದೆ. ನೀಲವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಬಂಕಿಗೆ ಬಂದು, ಗೊತ್ತಿದ್ದೂ ಗೊತ್ತಿದ್ದೂ, ತನ್ನ ಕಾರ್ಡನ್ನು ಎಡಗಡೆಯ ಗಂಡಿಯಲ್ಲಿ ಹಾಕಿದಳು. ಪರದೆಯ ಮೇಲೆ ಕಟ್ಟು ಎಂಬ ಅಕ್ಷರ ಬಂತು. ಕಾರ್ಡು ತೆಗೆದು, ಅದಕ್ಕಂಟಿದ ಹಿಟ್ಟನ್ನು ಸೆರಗಿನಿಂದ ಒರೆಸಿ, ಮತ್ತೆ ಹಾಕಿದಳು. ಮತ್ತೆ ಅದೇ ಬಂತು.

"ಏನರ ಮಾಡಣ್ಣ" ಎಂದಳು.

"ನನ್ನ ಕೈಯಾಗ ಏನೈತಿ ತಂಗಿ."

ಅವಳು ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಹೊರಟುಹೋದಳು. ಅವತ್ತು ಮೊದಲ ಸಲ ನನಗೂ ಆ ಪಂಪಿಗೆ ಒಂದು ಒದೆ ಹಾಕಬೇಕು ಅನ್ನಿಸಿತು.

ಮರುದಿನ ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ ಗುರವ್ವ ಒಬ್ಬಳೇ ಬಂದಳು. ಗಾಳಿ ಹಾಕುವ ಮಿಷನ್ನಿನ ಪಕ್ಕದ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು.

"ದೇವಿಂದ್ರಾ, ನಿನ್ನ ಪಂಪಿಗೆ ಒಂದ ಮಾತ ಹೇಳಾಕ ಬರತೈತೇನೋ?"

"ನನ್ನ ಮಾತು ಮನಿಯಾಗ ಹೇಂತಿನ ಕೇಳೂದಿಲ್ಲ. ಇದೇನ ಕೇಳ್ತೈತಿ ಆಯಿ?"

ಅವಳು ನಗಲಿಲ್ಲ. ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದು, ಬಾಡಿದ ಎಲೆಗಳನ್ನು ಸರಿಸಿ, ಒಳಗಿನ ಪದರದಿಂದ ಒಂದು ಕಾರ್ಡು ಎತ್ತಿದಳು. ಒಂದು ಮೂಲೆ ಬೀಡಿಯ ಕಿಡಿಗೆ ಕರಗಿ ಮುದುಡಿತ್ತು. ನನಗೆ ಗುರುತು ಹತ್ತಿತು. ಅಡಿವೆಪ್ಪ ಈ ಬಂಕಿನಲ್ಲಿ ಬೀಡಿ ಹಚ್ಚಿದ್ದಕ್ಕೆ ನಾನು ಅವನಿಗೆ ಬೈದ ದಿನ ಆದ ಗುರುತು ಅದು.

"ಎಲ್ಲಿತ್ತಿದು?"

"ಮಾಬುಸಾಬ ತಂದು ಕೊಟ್ಟಾನ. ಯಾವುದೋ ಟೈರ್ ಅಂಗಡ್ಯಾಗ ಸಿಕ್ತಂತ. ಅಂಗಡಿಯಾಂವಗೂ ಯಾರದು ಏನು ಗೊತ್ತಿಲ್ಲಂತ. ಹ್ವಾದ ವರ್ಷ ಉಗಾದಿ ಮುಂದ."

"ನೀಲವ್ವಗ?"

"ಹೇಳಿಲ್ಲ. ಮಾಬುಸಾಬಗೂ ಹೇಳಬ್ಯಾಡ ಅಂತ ಆಣಿ ಹಾಕೀನಿ. ಹಾಕಿದ್ರ ಗೊತ್ತಾಗಿಬಿಡ್ತೈತಲ್ಲೋ ತಮ್ಮಾ. ಇದು ಸಂಚ್ಯಾಗ ಇರೂತನಾ ನನ್ನ ಮಗ ಅದಾನ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಆಯಿ, ಅದೆಷ್ಟು ವರ್ಷ ಕಟ್ಟಿನ್ಯಾಗ ಅದಾಳ ಅಕಿ. ನೀವು ಎಲಿ ಅಡಕಿ ಸಂಗಾಟ ಅಕಿ ಕಾಲನ್ನೂ ಸಂಚ್ಯಾಗ ಇಟಗೊಂಡು ಕುಂತೀರಿ. ನಿಮ್ಮ ಮಗಳಾಗಿದ್ರ ಹಿಂಗ ಮಾಡ್ತಿದ್ರ್ಯಾ?"

"ಬೈಯಿ. ಬೈಸಿಕೊಳ್ಳಾಕನ ಬಂದೀನಿ" ಎಂದಳು ಗುರವ್ವ. "ಆದ್ರ ಒಂದ ಹೇಳು. ಕಟ್ಟು ಬಿಚ್ಚಬೇಕು, ಅಕಿ ಮಗಳ ಕಡೆ ಹೋಗಬೇಕು. ಅದು ಕೂಗ್ತೋ ಇಲ್ಲೋ ಅನ್ನೂದು ಮಾತ್ರ ನನ್ನ ಕಿವಿಗೆ ಬೀಳಬಾರದು. ಹಂಗ ಏನರ ಉಪಾಯ ಐತೇನು?"

"ಬಿಚ್ಚತಂದ್ರ ತಿಳಿಯೂದಿಲ್ಲೇನು? ನಂಬರು ಕೇಳಿದ್ರ ಯಾರ ಹೇಳಾವ್ರು?"

"ಅಕಿಗೆ ಗೊತ್ತಿರಬಹುದು. ಗಂಡ ಹೇಂತಿ ನಡುವಿನ ಮಾತು, ನಂಗೇನ ಗೊತ್ತು."

ಗುರವ್ವನಿಗೆ ಅಕ್ಷರ ಬಾರದು. ಪರದೆಯ ಮೇಲೆ ಏನು ಬಂದರೂ ಅವಳಿಗೆ ಒಂದೇ. ಆ ಎರಡು ಕೂಗು ಕೇಳದ ಹಾಗೆ ಮಾಡಿದರೆ ಸಾಕಾಗಿತ್ತು. ನಾನು ಸುತ್ತ ನೋಡಿದೆ. ಅವಳು ಆತುಕೊಂಡು ಕೂತಿದ್ದ ಗಾಳಿ ಮಿಷನ್ನು ಚಾಲೂ ಆದರೆ ನಿಂತವರು ಕಿವಿಗೆ ಬಾಯಿ ಇಟ್ಟು ಮಾತಾಡಬೇಕು, ಅಷ್ಟು ಸದ್ದು. ಅದರ ಮೇಲೆ ಕೈ ಇಟ್ಟೆ. ಅವಳಿಗೆ ಅರ್ಥವಾಯಿತು. "ಅಕಿನ ಕರಸು" ಎಂದಳು.

ನೀಲವ್ವ ಟಂಟಂ ತಳ್ಳಿಕೊಂಡೇ ಬಂದಳು. ಖಾನಾವಳಿಯ ಹೆಂಗಸರು ಹಿಂದಿನಿಂದ ಕೈ ಹಚ್ಚಿದ್ದರು. ಏನೋ ದಾರಿ ಸಿಕ್ಕಿರಬೇಕೆಂದು ಅವಳ ಮುಖದಲ್ಲಿ ಆಸೆ ಇತ್ತು. ಅತ್ತೆ ಚಾಚಿದ ಕೈಯೊಳಗಿನ ಕಾರ್ಡು ನೋಡಿದಾಗ ಅದು ಇಳಿದುಹೋಯಿತು. ನಾನು ಉಳಿದ ಹೆಂಗಸರನ್ನು ರಸ್ತೆಯ ಆಚೆಗೆ ಕಳಿಸಿದೆ. ಗುರವ್ವ ಏನನ್ನೂ ಮುಚ್ಚಿಡದೆ, ಯಾರು ತಂದರು, ಯಾವಾಗಿನಿಂದ ತನ್ನ ಹತ್ತಿರ ಇದೆ ಎಂದು ನೆಲ ನೋಡುತ್ತ ಹೇಳಿದಳು.

"ಅತ್ತೀ, ದಿನಾ ಒಂದ ಒಲಿ ಮುಂದ ಕುಂತು ರೊಟ್ಟಿ ಬಡದೀವಿ. ಒಂದ ದಿನಾನೂ ಹೇಳಬೇಕು ಅನಸಲಿಲ್ಲೇನ್ರಿ ನಿಮಗ?"

"ಅನಸ್ತಿತ್ತು. ದಿನಾ ಅನಸ್ತಿತ್ತು."

"ನನ್ನ ಮಗಳು ಅಲ್ಲಿ ಮಂಚ ಹಿಡದ ಕುಂತಾಳ್ರಿ. ನಿನ್ನೆ ರಾತ್ರಿ ಪೂರಾ ನನ್ನ ಮಗ್ಗಲದಾಗ ಮಲಗಿದ್ರಿ. ನಾ ಅಳೂದು ಕೇಳಲಿಲ್ಲೇನು?"

"ಕೇಳ್ತು. ಅದಕ್ಕ ತಂದೆ."

ನೀಲವ್ವ ಮತ್ತೇನೋ ಹೇಳುವವಳಿದ್ದಳು. ಅತ್ತೆಯ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಅವಳು ಆ ಕಾರ್ಡು ತೆಗೆದುಕೊಂಡಳು. "ಹಾಕೂನು" ಎಂದಷ್ಟೇ ಹೇಳಿದಳು.

ನಾನು ಗಾಳಿ ಮಿಷನ್ನಿನ ಗುಂಡಿ ಒತ್ತಿದೆ. ಅದು ಮೊದಲು ಗೊರಗೊರ ಎಂದು, ಆಮೇಲೆ ಇಡೀ ಬಂಕೇ ಅದುರುವ ಹಾಗೆ ಬಡಿದುಕೊಳ್ಳತೊಡಗಿತು. ಗುರವ್ವ ನಮ್ಮ ಕಡೆ ಬೆನ್ನು ತಿರುಗಿಸಿ, ಸೆರಗನ್ನು ಕಿವಿಗೆ ಒತ್ತಿ ಹಿಡಿದು ಕೂತಳು. ನೀಲವ್ವ ಅಡಿವೆಪ್ಪನ ಕಾರ್ಡನ್ನು ಎಡಗಡೆಯ ಗಂಡಿಯಲ್ಲಿ ತೂರಿಸಿದಳು. ನಾನು ಪರದೆಗೆ ಹತ್ತಿರವಾಗಿ ನಿಂತೆ. ನಂಬರು ಕೇಳುವುದಿದ್ದರೆ ಅಂಕಿಗಳ ಕೆಳಗಿನ ದೀಪ ಹತ್ತಬೇಕು. ನನ್ನ ಮನಸ್ಸಿನಲ್ಲಿ ಏನಿತ್ತೆಂದು ಹೇಳಿಬಿಡುತ್ತೇನೆ. ಹತ್ತಬಾರದು ಎಂದು ನಾನು ಬೇಡಿಕೊಂಡೆ. ಒಬ್ಬ ಮನುಷ್ಯ ಸತ್ತಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಆಗ ನನಗೇ ಗೊತ್ತಾಯಿತು. ಪಕ್ಕದಲ್ಲಿ ನಿಂತವಳ ಮನಸ್ಸಿನಲ್ಲಿ ಏನಿತ್ತೋ, ನಾನು ಅವಳ ಮುಖ ನೋಡಲಿಲ್ಲ.

ದೀಪ ಹತ್ತಲಿಲ್ಲ. ಪಂಪು ಕಾರ್ಡನ್ನು ಮೆಲ್ಲಗೆ ಹೊರಗೆ ಚಾಚಿತು. ನೀಲವ್ವನ ಹೆಸರಿನ ಮುಂದೆ ಇಷ್ಟು ವರ್ಷ ನಿಂತಿದ್ದ ಕಟ್ಟು ಎಂಬ ಅಕ್ಷರ ಅಳಿಸಿಹೋಯಿತು.

ಅವಳು ಕಾರ್ಡನ್ನು ಮುಟ್ಟಲಿಲ್ಲ. ಅವಳ ಕೈ ಕೊರಳಿಗೆ ಹೋಗಿ ತಾಳಿಯನ್ನು ಹಿಡಿದುಕೊಂಡಿತು, ಬಾಯಿ ತೆರೆಯಿತು. ಅವಳು ಅತ್ತಳೋ, ಅವನ ಹೆಸರು ಹೇಳಿದಳೋ, ಬೈದಳೋ, ಆ ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ. ನಾನು ಮುಖ ತಿರುಗಿಸಿ ನೋಝಲ್ ಒರೆಸಿದೆ. ಮತ್ತೆ ತಿರುಗಿದಾಗ ಅವಳು ಅತ್ತೆಯ ಬೆನ್ನನ್ನು ನೋಡುತ್ತಿದ್ದಳು. ಮುಂದಕ್ಕೆ ಬಾಗಿ, ಪಂಪು ಕೇಳದೇ ಇದ್ದ ನಂಬರನ್ನು, ಯಾವುದೋ ನಾಲ್ಕು ಅಂಕಿಗಳನ್ನು, ಒಂದೊಂದಾಗಿ ಒತ್ತಿದಳು. ಮುದುಕಿ ಎಲ್ಲಿ ತಿರುಗಿ ನೋಡಿಬಿಡುತ್ತಾಳೋ ಎಂದು. ಆಮೇಲೆ ಕಾರ್ಡು ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡು, ಟಂಟಂನ ಕನ್ನಡಿಗೆ ಬಗ್ಗಿ, ಬೆವರಿಗೆ ಹರಡಿದ್ದ ಕುಂಕುಮವನ್ನು ಬೆರಳಿನಿಂದ ದುಂಡಗೆ ತಿದ್ದಿಕೊಂಡಳು.

ಗಾಳಿ ಮಿಷನ್ನು ಹೊಟ್ಟೆ ತುಂಬಿದೊಡನೆ ತಾನೇ ನಿಲ್ಲುತ್ತದೆ. ನಿಂತಿತು. ಒಮ್ಮೆಲೇ ಕವಿದ ಮೌನದಲ್ಲಿ ನೀಲವ್ವ ಹೇಳಿದಳು: "ನಂಬರು ಕೇಳ್ತು ಅತ್ತೀ. ಒತ್ತಿದೆ. ಬಿಡ್ತು."

ಗುರವ್ವ ಸೆರಗು ಇಳಿಸಿ ತಿರುಗಿದಳು. ಸೊಸೆಯ ಮುಖವನ್ನು, ಹಣೆಯನ್ನು ಬಹಳ ಹೊತ್ತು ನೋಡಿದಳು.

"ಹಂಗಾರ ಅದಾನ?"

"ಅದಾನ್ರಿ."

"ಎಲ್ಲಿದ್ರೂ ತಣ್ಣಗ ಇರಲಿ" ಎಂದು ಗುರವ್ವ ಎದ್ದು ಬಂದು, ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು. "ನೀ ಹೋಗು ನನ್ನವ್ವಾ. ಹೊತ್ತು ಮಾಡಬ್ಯಾಡ. ಆ ಕೂಸು ಕಾಯಾಕತ್ತೈತಿ."

ನೀಲವ್ವ ತನ್ನ ಕಾರ್ಡನ್ನು ಎಡಗಡೆ ಹಾಕಿದಳು. ಪಂಪು ಒಪ್ಪಿಕೊಂಡಿತು. ಬಲಗಡೆಯ ಗಂಡಿ ಖಾಲಿ ಇತ್ತು. ಅಷ್ಟು ಹೊತ್ತೂ ನಾವು ಮೂವರೂ ಅದರ ಯೋಚನೆ ಮಾಡಿರಲಿಲ್ಲ. ಗುರವ್ವನದು ಮೊಮ್ಮಗಳ ಸಲುವಾಗಿ ಕಟ್ಟಿಗೆ ಬಿದ್ದಿದೆ. ಬಾಣಂತನಕ್ಕೆ ಹೋಗುವವಳು ಯಾವಾಗ ಬರುತ್ತಾಳೋ ಎಂದು ಊರಿನಲ್ಲಿ ಯಾರೂ ಬೇಗ ಕೊಡಲಾರರು. ಬೆಲ್ಲ ತಂದು ಮನೆಮನೆ ತಿರುಗುವಷ್ಟು ಹೊತ್ತು ಅವಳಿಗಿರಲಿಲ್ಲ. ನೀಲವ್ವ ನನ್ನನ್ನು ಕೇಳಲೂ ಇಲ್ಲ, ಕೇಳಿದರೆ ಇಲ್ಲ ಎನ್ನುತ್ತಾನೆ ಎಂದು ಅವಳಿಗೂ ಗೊತ್ತು. ನಾನು ಅಂಗಿಯ ಒಳಕಿಸೆಯಿಂದ ನನ್ನ ಕಾರ್ಡು ತೆಗೆದು ಬಲಗಡೆ ಹಾಕಿದೆ. ಮೋಟರು ಗುಂಯ್ ಎಂದಿತು.

"ನೀ ಹೊಳ್ಳಿ ಬಂದ ಮ್ಯಾಲ ಬೆಲ್ಲ ತಂದು ಕೊಡು. ಸೊನ್ನೆ ನೋಡ್ಕೋ ತಂಗಿ" ಎಂದೆ.

ಅವಳು ಸೊನ್ನೆ ನೋಡಲಿಲ್ಲ, ನನ್ನನ್ನು ನೋಡಿದಳು. ಟ್ಯಾಂಕು ತುಂಬಿ ನೋಝಲ್ ತಾನೇ ಕಟ್ ಆಗುವ ತನಕ ಹಿಡಿದೆ. ಹಗ್ಗ ಸುತ್ತಿ ಎಳೆದರೆ ಚಾಲೂ ಆಗುವ ಹಳೆಯ ಗಾಡಿ ಅದು. ಎಳೆದೂ ಎಳೆದೂ ನನ್ನ ರಟ್ಟೆ ಬಿದ್ದುಹೋದ ಮೇಲೆ ಕಪ್ಪು ಹೊಗೆ ಉಗುಳಿ ಎದ್ದಿತು, ನೀಲವ್ವ ಹ್ಯಾಂಡಲ್ ಹಿಡಿದು ಹೊರಟಳು. ಗುರವ್ವ ಅದು ಗಡಿಕಲ್ಲು ದಾಟುವ ತನಕ ರಸ್ತೆಯ ಮಧ್ಯದಲ್ಲಿ ನಿಂತು ನೋಡಿದಳು. ಗಾಡಿ ಅಲ್ಲಿ ಕೆಮ್ಮಲಿಲ್ಲ, ನಿಲ್ಲಲಿಲ್ಲ.

ಮರುದಿನ ಅದೇ ಹೊತ್ತಿಗೆ ಗುರವ್ವ ಮತ್ತೆ ಬಂದಳು. ಅದೇ ಕಟ್ಟೆಯ ಮೇಲೆ ಕೂತಳು. ಅವಳ ಮನಸ್ಸಿಗೆ ಸಮಾಧಾನವಾಗಲಿ ಎಂದು ನಾನೇ ಮಾತು ತೆಗೆದೆ. "ನಿಮ್ಮ ಸೊಸಿ ಶ್ಯಾಣೇಕಿ ಆಯಿ. ಇಷ್ಟು ವರ್ಷ ಆದ್ರೂ ಗಂಡನ ನಂಬರು ನೆನಪಿಟ್ಟಿದ್ಲು ನೋಡ್ರಿ."

"ಅಕಿಗೆ ನಂಬರು ಗೊತ್ತಿಲ್ಲೋ ತಮ್ಮಾ" ಎಂದಳು ಗುರವ್ವ.

ನಾನು ಕಟ್ಟೆಯ ಹತ್ತಿರ ಸರಿದೆ.

"ಅಂವ ಹೋಗೂ ಮುಂಜಾನಿ ಅದಕ್ಕನ ಜಗಳಾಗಿದ್ದು. ನಾಳೆ ಏನರ ಆದ್ರ ನಂಗ ಬೇಕಾಗ್ತೈತಿ, ನಂಬರು ಹೇಳಿ ಹೋಗು ಅಂತ ಅಕಿ ಕಾಲು ಹಿಡಕೊಂಡ್ಲು. ನನ್ನ ಮ್ಯಾಲ ನಂಬಿಗಿ ಇಲ್ಲೇನು ಅಂತ ಇಂವ ಕೊಡವಿಕೊಂಡು ಹೋದ. ನಾ ಬಾಗಲದಾಗ ನಿಂತಿದ್ದೆ." ಸಂಚಿ ತೆಗೆದಳು, ಖಾಲಿಯಾದ ಒಳಪದರವನ್ನು ಬೆರಳಿನಿಂದ ತಡವಿ ಮತ್ತೆ ಮಡಚಿದಳು. "ನಿನ್ನೆ ನಿನಗ ಅಂದ್ನೆಲ್ಲ, ಗೊತ್ತಿರಬಹುದು ಅಂತ. ನನಗ ನಾನ ಹೇಳಿಕೊಂಡ ಮಾತದು. ಅಕಿ ಹೊಳ್ಳಿ ಬರೂತನಾ ನಾ ಏನೂ ತಿಳದಾಕಿ ಅಲ್ಲ. ಬಂದ ಮ್ಯಾಲ ಇಬ್ರೂ ಕೂಡಿ ಏನ ಮಾಡೂದೈತಿ ಮಾಡ್ತೀವಿ. ಅಲ್ಲಿ ಆ ಬಸರಿ ಹುಡುಗಿ ಮುಂದ ಅಕಿ ಅಳೂ ಹಂಗಿಲ್ಲ. ಇಲ್ಲಿ ಮಂದಿ ಮುಂದ ನಾ ಅಳೂ ಹಂಗಿಲ್ಲ. ಸುದ್ದಿ ಆದ್ರ ಮಾಬುಸಾಬನ ಸಂಗಾಟ ಅಲ್ಲೀತನಾ ಹೋಗಿಬಿಡ್ತೈತಿ."

ಬಂಕಿನ ಮುಂದೆ ಸಾಲು ಇತ್ತು. ಎರಡೆರಡು ಕಾರ್ಡು ಹಿಡಿದುಕೊಂಡು ಜನ ನಿಂತಿದ್ದರು, ಒಬ್ಬಿಬ್ಬರು ಆಗಲೇ ನಮ್ಮ ಕಡೆ ಕಿವಿ ಕೊಟ್ಟಿದ್ದರು. ಗುರವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಾಳಿ ಮಿಷನ್ನಿಗೆ ಆತು, ಮೊಣಕಾಲುಗಳನ್ನು ಎದೆಗೆ ತಂದುಕೊಂಡಳು.

"ಅದನ್ನ ಚಾಲೂ ಮಾಡೋ ದೇವಿಂದ್ರಾ" ಎಂದಳು.

ನಾನು ಗುಂಡಿ ಒತ್ತಿದೆ. ಮಿಷನ್ನು ಗೊರಗೊರ ಎಂದು ಎದ್ದು ಬಡಿದುಕೊಳ್ಳತೊಡಗಿತು. ಸೆರಗಿನೊಳಗೆ ಅವಳ ಬೆನ್ನು ಕುಲುಕುವುದಷ್ಟೇ ನನಗೆ ಕಾಣುತ್ತಿತ್ತು. ಸಾಲಿನಲ್ಲಿದ್ದವನೊಬ್ಬ ಯಾರ ಗಾಲಿಗೂ ಪೈಪು ಹಚ್ಚದೆ ಅದನ್ನೇಕೆ ಓಡಿಸುತ್ತಿದ್ದೀಯೆಂದು ಕೈಸನ್ನೆಯಲ್ಲಿ ಕೇಳಿದ. ನಾನು ನೋಡದವನ ಹಾಗೆ ನಿಂತೆ. ಹೊಟ್ಟೆ ತುಂಬಿದೊಡನೆ ಅದು ತಾನೇ ನಿಲ್ಲುವ ಜಾತಿಯದು. ಗಾಳಿಯ ಅಳತೆಯ ಮುಳ್ಳು ಮೇಲೆ ಮೇಲೆ ಏರುತ್ತಿತ್ತು. ಇನ್ನೇನು ನಿಂತೇಬಿಡುತ್ತದೆ ಎನ್ನುವಾಗ ನಾನು ಕೆಳಗಿನ ಚಾವಿ ತಿರುಗಿಸಿ, ತುಂಬಿದ ಗಾಳಿಯನ್ನೆಲ್ಲ ಬಯಲಿಗೆ ಬಿಟ್ಟೆ. ಅದು ನಿಲ್ಲದೆ ಓಡುತ್ತಲೇ ಇತ್ತು.